ಚಾಸಿ ಬೆಂಡ್ ಆಗಿದೆಯಾ ಇಲ್ವಾ? ಬೆಂಕಿ ತೋರಿಸುವ ಮೊದಲು ಅಳೆಯೋದು ಹೇಗೆ – ಆರ್‌ಎಕ್ಸ್ 100

ಹಾಸನ ಟೂಸ್ಟ್ರೋಕ್

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವನ 1994ರ ಯಮಹಾ ಆರ್‌ಎಕ್ಸ್ 100 ಈಗ ನನ್ನ ಹತ್ತಿರ ಬಂದಿದೆ. ಮೊದಲಿನಿಂದ ಒಬ್ಬರೇ ಓನರ್. ಎಂಜಿನ್ ಚೆನ್ನಾಗಿದೆ, ಹೊಗೆಯೂ ಜಾಸ್ತಿ ಇಲ್ಲ. ತೊಂದರೆ ಒಂದೇ. 50ರ ವೇಗದಲ್ಲಿ ಹ್ಯಾಂಡಲ್ ಸ್ವಲ್ಪ ಸಡಿಲ ಹಿಡಿದರೆ ಗಾಡಿ ಬಲಕ್ಕೆ ಎಳೆಯುತ್ತದೆ. ನೇರ ಹೋಗುವಾಗ ಹ್ಯಾಂಡಲ್ ಕೂಡ ಸೊಟ್ಟ ಕಾಣುತ್ತದೆ, ಎಡಗಡೆ ತುದಿ ಮುಂದಕ್ಕಿದೆ. ಕೆಲವು ವರ್ಷಗಳ ಹಿಂದೆ ಮಾವ ಒಂದು ಸಲ ಗಾಡಿ ಬೀಳಿಸಿದ್ದರು. ಆಗ ರಿಮ್, ಇಂಡಿಕೇಟರ್ ಎಲ್ಲ ಬದಲಾಯಿಸಿದ್ದಾರೆ.

ಇಲ್ಲಿನ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಹಿಂದೆ ನಿಂತು ನೋಡಿ "ಚಾಸಿ ಬೆಂಡ್" ಎಂದರು. ಗ್ಯಾಸ್‌ನಲ್ಲಿ ಕಾಯಿಸಿ ನೇರ ಮಾಡಬಹುದು, ಇಲ್ಲಾಂದ್ರೆ ಗುಜರಿಯಿಂದ ಬೇರೆ ಚಾಸಿ ತರಿಸೋಣ ಎಂದರು. ಎರಡಕ್ಕೂ ನನಗೆ ಮನಸ್ಸಿಲ್ಲ. ನಿಜವಾಗಿ ಬೆಂಡ್ ಇದೆಯಾ ಅಂತ ಮೊದಲು ಗೊತ್ತಾಗಬೇಕು. ಮನೆಯಲ್ಲೇ ಅಳೆಯಲು ದಾರಿ ಇದೆಯಾ?

ತುಮಕೂರು ಗ್ಯಾರೇಜ್

ನೀವು ಬಲಕ್ಕೆ ಅಂತ ಹೇಳಿದ್ದು ಮುಖ್ಯ. ನಮ್ಮಲ್ಲಿ ರಸ್ತೆಯ ಎಡಗಡೆ ಓಡಿಸುತ್ತೇವೆ, ನೀರು ಹರಿಯಲಿ ಅಂತ ರಸ್ತೆ ಎಡ ಅಂಚಿಗೆ ಇಳಿಜಾರಾಗಿರುತ್ತದೆ. ಹಾಗಾಗಿ ಸರಿಯಾಗಿರುವ ಗಾಡಿಯೂ ಸ್ವಲ್ಪ ಎಡಕ್ಕೆ ಹೋಗುತ್ತದೆ. ಎಷ್ಟೋ ಜನ ಅದಕ್ಕೇ ಗಾಬರಿಯಾಗಿ ಬರುತ್ತಾರೆ. ನಿಮ್ಮದು ಇಳಿಜಾರಿನ ವಿರುದ್ಧ ಎಳೆಯುತ್ತಿದೆ ಅಂದರೆ ಏನೋ ಇದೆ. ಆದರೆ ಅದು ಚಾಸಿಯೇ ಅಂತ ಹಿಂದೆ ನಿಂತು ನೋಡಿ ಹೇಳಲು ಆಗೋದಿಲ್ಲ.

ಅಳೆಯುವ ಮೊದಲು ಆಟ (ಸಡಿಲ) ಇರುವ ಭಾಗ ನೋಡಿ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಹಿಡಿದು ಎಡ-ಬಲ ಅಲ್ಲಾಡಿಸಿ. ಟಕ್ ಅಂದರೆ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಚಾಸಿಗೆ ಜೋಡಿಸುವ ತೋಳು) ಬುಶ್ ಅಥವಾ ವೀಲ್ ಬೇರಿಂಗ್ ಹೋಗಿದೆ. ಮುಂದೆ ಫೋರ್ಕ್ ಕಾಲು ಹಿಡಿದು ಹಿಂದೆ-ಮುಂದೆ ಎಳೆಯಿರಿ, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಡಿಲ ಇದ್ದರೆ ಗೊತ್ತಾಗುತ್ತದೆ. ಬುಶ್ ಸಡಿಲ ಇದ್ದರೆ ಎಷ್ಟು ಚೆನ್ನಾಗಿ ಅಳೆದರೂ ಪ್ರತಿ ಸಲ ಬೇರೆ ಲೆಕ್ಕ ಬರುತ್ತದೆ.

ಟೆಸ್ಟ್ ಮಾಡುವಾಗ ದಯವಿಟ್ಟು ಎರಡೂ ಕೈ ಬಿಟ್ಟು ಓಡಿಸಬೇಡಿ. ಬೆರಳು ಹ್ಯಾಂಡಲ್ ಮೇಲೇ ಇರಲಿ.

ಪೀಣ್ಯ ಲೇತ್

ನಾನು ಮೆಷಿನ್ ಶಾಪಿನಲ್ಲಿ ಕೆಲಸ ಮಾಡುವವನು, ಹಳೆ ಬೈಕ್ ನನ್ನ ಹುಚ್ಚು. ದಾರದ ವಿಧಾನ ಹೇಳುತ್ತೇನೆ. ಖರ್ಚಿಲ್ಲ, ಆದರೆ ತಾಳ್ಮೆ ಬೇಕು.

ಮೊದಲು ವರ್ನಿಯರ್‌ನಲ್ಲಿ ಎರಡೂ ಟೈರಿನ ಅಗಲ ಅಳೆದುಕೊಳ್ಳಿ. ಆರ್‌ಎಕ್ಸ್‌ಗೆ ಕಂಪನಿ ಕೊಟ್ಟಿದ್ದು ಮುಂದೆ 2.50-18, ಹಿಂದೆ 2.75-18. ಹಿಂದಿನದು ದಪ್ಪ. ಇದನ್ನು ಮರೆತರೆ ಕೊನೆಗೆ ಲೆಕ್ಕ ತಪ್ಪುತ್ತದೆ. ಟೈರ್ ಮೇಲೆ ಬರೆದ ಅಳತೆ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಒಂದೆರಡು ಮಿ.ಮೀ. ವ್ಯತ್ಯಾಸ ಇರುತ್ತದೆ.

ಸಾಮಾನ್ಯವಾಗಿ ಹಿಂದಿನ ಟೈರಿಗೆ ದಾರ ಸುತ್ತಿ ಎರಡೂ ಬದಿಯಿಂದ ಮುಂದಕ್ಕೆ ಎಳೆಯಿರಿ ಅಂತ ಹೇಳುತ್ತಾರೆ. ಗಾಡಿ ಸರಿ ಇದ್ದರೆ ಅದು ಸಾಕು. ಮುಂದಿನ ಚಕ್ರ 10 ಮಿ.ಮೀ. ಪಕ್ಕಕ್ಕಿದ್ದರೆ ಟೈರೇ ದಾರವನ್ನು ತಳ್ಳುತ್ತದೆ, ಆಗ ಅಳತೆ ಸುಳ್ಳಾಗುತ್ತದೆ. ಅದಕ್ಕೆ ನಾನು ದಾರವನ್ನು ಟೈರಿನಿಂದ ದೂರ ಇಡುತ್ತೇನೆ. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ. ಮುಂದೆ ಎರಡು, ಹಿಂದೆ ಎರಡು ಸಿಮೆಂಟ್ ಬ್ಲಾಕ್ ಇಡಿ. ಗಾರೆಯವರು ಗೋಡೆ ಕಟ್ಟುವಾಗ ಕಟ್ಟುವ ನೈಲಾನ್ ದಾರವನ್ನು ಎರಡೂ ಬದಿ ಬಿಗಿಯಾಗಿ ಎಳೆದು ಬ್ಲಾಕಿಗೆ ಕಟ್ಟಿ. ಸೈಲೆನ್ಸರ್, ಸ್ಟ್ಯಾಂಡ್, ಫುಟ್‌ರೆಸ್ಟ್ ಯಾವುದಕ್ಕೂ ತಾಗಬಾರದು. ತಾಗದೆ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಮೇಲಿರಲಿ.

ಈಗ ಬ್ಲಾಕ್ ಸರಿಸುತ್ತಾ ಹಿಂದಿನ ಟೈರಿನ ನಾಲ್ಕು ಕಡೆಯೂ (ಎಡಬದಿ ಮುಂದೆ-ಹಿಂದೆ, ಬಲಬದಿ ಮುಂದೆ-ಹಿಂದೆ) ದಾರಕ್ಕೂ ಟೈರಿಗೂ ಸರಿಯಾಗಿ 20 ಮಿ.ಮೀ. ಅಂತರ ತನ್ನಿ. ಸಮಯ ಹಿಡಿಯುವುದು ಇಲ್ಲೇ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಹೋಗುತ್ತದೆ. ನಾಲ್ಕೂ 20 ಬರುವವರೆಗೆ ಮುಂದಿನ ಚಕ್ರದ ಕಡೆ ನೋಡಲೇಬೇಡಿ.

ಬಂದ ಮೇಲೆ ಹ್ಯಾಂಡಲ್ ನಿಧಾನ ತಿರುಗಿಸಿ ಮುಂದಿನ ಚಕ್ರವನ್ನು ದಾರಕ್ಕೆ ಸಮಾನಾಂತರ ಮಾಡಿ. ಎಡಬದಿಯಲ್ಲಿ ಟೈರಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಒಂದೇ ಅಂತರ ಬರಬೇಕು. ಈಗ ಎಡ, ಬಲ ಎರಡೂ ಬರೆದುಕೊಳ್ಳಿ. ಹ್ಯಾಂಡಲ್ ಆಗ ಹೇಗೆ ನಿಂತಿದೆ ಅನ್ನೋದನ್ನೂ ನೋಡಿ.

ಮೈಸೂರು ಯೆಜ್ಡಿ

ಪೀಣ್ಯದ ಸರ್ ಹೇಳಿದ್ದು ಸರಿ. ದಾರ ಕಟ್ಟುವ ಮೊದಲು ಟ್ಯಾಂಕ್ ಬಿಚ್ಚಿ, ಒಂದು ಟಾರ್ಚ್ ಹಿಡಿದು ಕಣ್ಣಲ್ಲೂ ನೋಡಿ ಅಂತ ನನ್ನ ಮಾತು. ಮುಂದಿನಿಂದ ಗುದ್ದಿದ ಗಾಡಿ ಸಾಮಾನ್ಯವಾಗಿ ಮಡಿಯೋದು ಹೆಡ್ ಪೈಪ್ (ಹ್ಯಾಂಡಲ್ ಸ್ಟೆಮ್ ಕೂರುವ ಚಾಸಿಯ ಮುಂದಿನ ಕೊಳವೆ) ಹಿಂದೆ, ಟ್ಯಾಂಕ್ ಅಡಿಯಲ್ಲಿ. ಅಲ್ಲಿ ಬೆಸುಗೆ ಹಾಕಿದ ಪಟ್ಟಿಯ ಪಕ್ಕ ಬಣ್ಣ ಕೂದಲೆಳೆಯಷ್ಟು ಸೀಳಿರುತ್ತದೆ. ಸೀಳಿನಲ್ಲಿ ತುಕ್ಕಿನ ಗೆರೆ ಕಾಣುತ್ತದೆ. ಹೆಡ್ ಪೈಪಿನಿಂದ ಎಂಜಿನ್ ಮುಂದೆ ಇಳಿಯುವ ಪೈಪಿನ ಮೇಲೆ ಬೆರಳು ಎಳೆಯಿರಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ. ಹ್ಯಾಂಡಲ್ ಪೂರ್ತಿ ತಿರುಗಿದಾಗ ತಾಗಿ ನಿಲ್ಲುವ ಸ್ಟಾಪರ್ ಇರುತ್ತಲ್ಲ, ಅದು ಜಜ್ಜಿದ್ದರೆ ಬಿದ್ದಾಗ ಜೋರಾದ ಪೆಟ್ಟು ಬಿದ್ದಿದೆ ಅಂತ ಅರ್ಥ.

ನನ್ನ ಯೆಜ್ಡಿಯಲ್ಲಿ ಇವೆಲ್ಲವೂ ಇದ್ದವು. ಹಿಂದಿನ ಓನರ್ ಮೋರಿಗೆ ಗುದ್ದಿದ್ದರು. ಆಕ್ಸಲ್‌ನಿಂದ ಆಕ್ಸಲ್‌ಗೆ ಅಳೆದರೆ ಇರಬೇಕಾದ್ದಕ್ಕಿಂತ ಎದ್ದು ಕಾಣುವಷ್ಟು ಕಡಿಮೆ. ಹೆಡ್ ಪೈಪಿನ ಕೆಳತುದಿ ಹಿಂದಕ್ಕೆ ಹೋಗಿ ಫೋರ್ಕ್ ಜಾಸ್ತಿ ನೆಟ್ಟಗಾಗಿತ್ತು, ಟ್ರೇಲ್ (ಹ್ಯಾಂಡಲ್ ತಿರುಗುವ ಗೆರೆ ನೆಲ ಸೇರುವ ಜಾಗಕ್ಕೂ ಟೈರ್ ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ) ಕಡಿಮೆಯಾಗಿತ್ತು. ಹ್ಯಾಂಡಲ್ ಸುಮ್ನೆ ಮುಟ್ಟಿದರೆ ಸಾಕು, ಗಾಡಿ ಪಕ್ಕಕ್ಕೆ ಹಾರುತ್ತಿತ್ತು. ಹಾಗಾಗಿ ಟೇಪ್ ಹಿಡಿದು ಎರಡೂ ಬದಿ ಆಕ್ಸಲ್ ಅಂತರ ಅಳೆಯಿರಿ. ಆರ್‌ಎಕ್ಸ್ 100ಕ್ಕೆ 1,245 ಮಿ.ಮೀ. ಚೈನ್ ಅಡ್ಜಸ್ಟರ್ (ಚೈನ್ ಬಿಗಿ ಮಾಡಲು ಹಿಂದಿನ ಆಕ್ಸಲ್ ಸರಿಸುವ ಭಾಗ) ಎಲ್ಲಿದೆ ಅನ್ನೋದರ ಮೇಲೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ.

ಹಾಸನ ಟೂಸ್ಟ್ರೋಕ್

ಭಾನುವಾರ ಇಡೀ ಬೆಳಗ್ಗೆ ಇದೇ ಕೆಲಸ. ನಮ್ಮ ಮನೆಯವಳು ದಾರ ಹಿಡಿದಳು, ನಾನು ಬ್ಲಾಕ್ ಸರಿಸಿದೆ.

ಬುಶ್, ಬೇರಿಂಗ್, ಕೋನ್ ಸೆಟ್ ಯಾವುದರಲ್ಲೂ ಆಟ ಇಲ್ಲ. ಟ್ಯಾಂಕ್ ಅಡಿಯಲ್ಲಿ ಬಣ್ಣ ಸೀಳಿಲ್ಲ, ಸ್ಟಾಪರ್ ಚೆನ್ನಾಗಿದೆ. ಆಕ್ಸಲ್ ಅಂತರ ಎಡ 1,248, ಬಲ 1,249.

ಟೈರ್ ಅಗಲ: ಮುಂದೆ 65, ಹಿಂದೆ 71.
ಹಿಂದಿನ ಚಕ್ರಕ್ಕೆ ನಾಲ್ಕೂ ಕಡೆ 20.
ಮುಂದಿನ ಚಕ್ರ ಸಮಾನಾಂತರ ಮಾಡಿದ ಮೇಲೆ: ಎಡ 11, ಬಲ 35.

ಚಕ್ರ ನೇರ ಇದ್ದಾಗ ಹ್ಯಾಂಡಲ್ ಸೊಟ್ಟಗೇ ಇದೆ. ಇದರಿಂದ ಏನು ಗೊತ್ತಾಗುತ್ತದೆ?

ಪೀಣ್ಯ ಲೇತ್

ಒಳ್ಳೆ ಅಳತೆ. ಮೊದಲು ಅದು ನಂಬಬಹುದಾ ಅಂತ ನೋಡೋಣ. ದಾರ-ದಾರದ ನಡುವೆ 20+71+20, ಅಂದರೆ 111. ಮುಂದೆ 11+65+35, ಅದೂ 111. ತಾಳೆ ಆಯ್ತು. ಈ ಕೂಡಿಕೆ ಹೊಂದದೇ ಇದ್ದಿದ್ದರೆ ಮತ್ತೆ ಅಳೆಯಿರಿ ಅಂತಿದ್ದೆ.

ಗಾಡಿ ಸರಿ ಇದ್ದಿದ್ದರೆ ಎರಡೂ ಬದಿ 23 ಬರಬೇಕಿತ್ತು. ನಿಮ್ಮದು ಎಡದಲ್ಲಿ 12 ಕಡಿಮೆ, ಬಲದಲ್ಲಿ 12 ಜಾಸ್ತಿ. ಹಿಂದಿನ ಚಕ್ರದ ಗೆರೆಗೆ ಹೋಲಿಸಿದರೆ ಮುಂದಿನ ಚಕ್ರ 12 ಮಿ.ಮೀ. ಎಡಕ್ಕಿದೆ. ದಾರ ಇಷ್ಟನ್ನೇ ಹೇಳುತ್ತದೆ. ಚಾಸಿ ಬೆಂಡ್ ಅಂತ ಹೇಳುವುದಿಲ್ಲ. ಹಿಂದಿನ ಚಕ್ರ ಓರೆ ಕೂತಿದ್ದರೂ ಇದೇ ಬರುತ್ತದೆ. ರಿಮ್ ಪಕ್ಕಕ್ಕೆ ಕಟ್ಟಿದ್ದರೂ, ಫೋರ್ಕ್ ತಿರುಚಿದ್ದರೂ, ಹೆಡ್ ಪೈಪ್ ವಾಲಿದ್ದರೂ ಹೀಗೇ. ಸುಲಭದ್ದನ್ನು ಮೊದಲು ತೆಗೆದುಹಾಕುತ್ತಾ ಹೋಗಬೇಕು.

ಎಲ್ಲಕ್ಕಿಂತ ಸುಲಭದ್ದು ಚೈನ್ ಅಡ್ಜಸ್ಟರ್. ಸ್ವಿಂಗ್ ಆರ್ಮ್ ಮೇಲಿನ ಗೆರೆ ನೋಡಿ ಎರಡೂ ಬದಿ ಸಮ ಇದೆ ಅಂದುಕೊಳ್ಳಬೇಡಿ. ಒಂದು ನೇರ ಕಬ್ಬಿಣದ ಸರಳು ತಗೊಳ್ಳಿ. ಒಂದು ತುದಿಗೆ ಚೂಪು ಮೊಳೆ ಭದ್ರವಾಗಿ ಕಟ್ಟಿ, ಅದನ್ನು ಸ್ವಿಂಗ್ ಆರ್ಮ್ ಚಾಸಿಗೆ ಕೂರುವ ಪಿವೊಟ್ ಬೋಲ್ಟಿನ ನಡುಮಧ್ಯಕ್ಕೆ ಇಡಿ. ಇನ್ನೊಂದು ಮೊಳೆ ಆಕ್ಸಲ್ ನಡುಮಧ್ಯಕ್ಕೆ ಬರುವ ಹಾಗೆ ಕಟ್ಟಿ. ಅದೇ ಸರಳನ್ನು ಇನ್ನೊಂದು ಬದಿಗೆ ತಗೊಂಡು ಹೋಗಿ ಇಡಿ. ಮೊಳೆ ನಡುವಿಗೆ ಕೂತರೆ ಸರಿ.

ಇಲ್ಲಿ ಅರ್ಧ ಮಿ.ಮೀ. ಕೂಡ ಬಿಡಬೇಡಿ. ಅಡ್ಜಸ್ಟರ್‌ಗಳ ನಡುವೆ ಸುಮಾರು 170 ಮಿ.ಮೀ. ಇದೆ ಅಂತ ಇಟ್ಟುಕೊಳ್ಳಿ. ಒಂದು ಬದಿ 1 ಮಿ.ಮೀ. ಹಿಂದಿದ್ದರೆ, 1,245 ಮಿ.ಮೀ. ಮುಂದೆ ಹೋಗುವಷ್ಟರಲ್ಲಿ ಅದು 7 ಮಿ.ಮೀ. ದಾಟುತ್ತದೆ. ನಿಮ್ಮ ಗಾಡಿಯಲ್ಲಿ ಬಲಬದಿ ಜಾಸ್ತಿ ಹಿಂದಿರಬಹುದು, ಆಗ ಹಿಂದಿನ ಚಕ್ರ ಬಲಕ್ಕೆ ಮುಖ ಮಾಡುತ್ತದೆ.

ಮಲೆನಾಡ ಸವಾರಿ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್. ಆಗುಂಬೆ ಘಾಟಿಯಲ್ಲಿ ಜಾರಿ ಬಿದ್ದ ಮೇಲೆ ನನಗೂ ಇದೇ ಅನುಮಾನ. ಮುಂದೆ 21 ಇಂಚು, ಹಿಂದೆ 17. ಈ ದಾರದ ಲೆಕ್ಕ ಅದಕ್ಕೂ ನಡೆಯುತ್ತದಾ ಅಣ್ಣಾ?

ಪೀಣ್ಯ ಲೇತ್

ನಡೆಯುತ್ತದೆ ಮೇಡಂ. ಮುಂದೆ 90, ಹಿಂದೆ 120 ಅಗಲದ ಟೈರ್, ಅಂದರೆ 30 ವ್ಯತ್ಯಾಸ. ಹಿಂದೆ 20 ಇಟ್ಟರೆ ಮುಂದೆ ಎರಡೂ ಬದಿ ಸುಮಾರು 35 ಬರಬೇಕು. ಟೈರ್ ಅಳೆದೇ ಲೆಕ್ಕ ಹಾಕಿ. ಆದರೆ ಹೊಸ ಗಾಡಿಗಳಲ್ಲಿ ಒಂದು ಎಚ್ಚರ ಇರಲಿ. ಕೆಲವು ಮಾಡೆಲ್‌ಗಳಲ್ಲಿ ಕಂಪನಿಯೇ ಹಿಂದಿನ ಚಕ್ರವನ್ನು ಕೆಲವು ಮಿ.ಮೀ. ಪಕ್ಕಕ್ಕೆ ಇಟ್ಟಿರುತ್ತದೆ. ಸರ್ವಿಸ್ ಮ್ಯಾನ್ಯುಯಲ್ ನೋಡಿ, ಅಥವಾ ಬೀಳದೇ ಇರುವ ಅದೇ ಮಾಡೆಲ್ ಗಾಡಿ ಸ್ನೇಹಿತರ ಹತ್ತಿರ ಇದ್ದರೆ ಅದನ್ನೂ ಅಳೆಯಿರಿ. ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಬೆಳಗಾವಿ ಬುಲೆಟ್

ಇಷ್ಟೆಲ್ಲ ಕಷ್ಟ ಯಾಕೆ? ಗ್ಯಾಸ್ ಹಾಕಿ ಎರಡು ಕಡೆ ಎಳೆದರೆ ಮುಗಿಯಿತು. ನಮ್ಮ ಊರಲ್ಲಿ ಎಲ್ಲರೂ ಹಾಗೇ ಮಾಡಿಸುತ್ತಾರೆ, ಗಾಡಿಗಳು ಓಡುತ್ತಿವೆ.

ತುಮಕೂರು ಗ್ಯಾರೇಜ್

ಓಡುತ್ತವೆ ನಿಜ. ಆದರೆ ಯಾವ ಕಡೆ ಎಳೆಯಬೇಕು ಅಂತ ಅಳೆಯದೆ ಹೇಗೆ ಗೊತ್ತಾಗುತ್ತದೆ? ರಿಮ್ ಸೊಟ್ಟ ಇರುವ ಗಾಡಿಯ ಚಾಸಿ ಎಳೆದರೆ, ನೇರ ಇದ್ದಿದ್ದನ್ನು ನಾವೇ ಬಗ್ಗಿಸಿದ ಹಾಗಾಯ್ತು. ಆಮೇಲೆ ಯಾರು ಬಂದರೂ ಆ ಗಾಡಿ ಸರಿ ಮಾಡೋದು ಕಷ್ಟ.

ಬೆಂಕಿಯ ವಿಷಯ. ಹಳೆ ಗಾಡಿಗಳ ಮೈಲ್ಡ್ ಸ್ಟೀಲ್ ಪೈಪನ್ನು ನಿಧಾನ ಕಾಯಿಸಿ, ತಾನಾಗಿ ಆರಲು ಬಿಟ್ಟರೆ ತಡೆದುಕೊಳ್ಳುತ್ತದೆ. ಕೆಂಪಗೆ ಕಾಯಿಸಿ ನೀರು ಸುರಿಯೋದನ್ನು ಕಣ್ಣಾರೆ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಒಮ್ಮೆ ಮಡಿದ ಜಾಗವನ್ನು ಮತ್ತೆ ಮತ್ತೆ ಆಚೆ ಈಚೆ ಬಗ್ಗಿಸಿದರೂ ಅಲ್ಲೇ ಬಿರುಕು ಶುರುವಾಗುತ್ತದೆ. ಅದೂ ಹೆಡ್ ಪೈಪ್ ಹತ್ತಿರ. ಅಲ್ಲಿ ಬಿಟ್ಟುಕೊಂಡರೆ ಸವಾರನಿಗೆ ಏನು ಮಾಡಲೂ ಸಮಯ ಸಿಗೋದಿಲ್ಲ. ಯಮಹಾ ಆರ್1 ತರಹದ ಅಲ್ಯೂಮಿನಿಯಂ ಫ್ರೇಮಿಗಂತೂ ಗ್ಯಾಸ್ ತೋರಿಸಲೇಬಾರದು.

ಮೈಸೂರು ಯೆಜ್ಡಿ

ನನ್ನ ಯೆಜ್ಡಿಯದ್ದು ನಿಜವಾದ ಬೆಂಡ್, ಅದನ್ನು ಬೆಂಕಿ ಇಲ್ಲದೆ ತೆಗೆಸಿದೆ. ಎಂಜಿನ್, ಫೋರ್ಕ್ ಎಲ್ಲ ಬಿಚ್ಚಿ ಬರೀ ಚಾಸಿ ಮಾಡಿಕೊಂಡೆವು. ಹೆಡ್ ಪೈಪಿನ ಎರಡೂ ತುದಿಗೆ ಲೇತಿನಲ್ಲಿ ಕೋನ್ ಮಾಡಿಸಿ ಒಂದು ಉದ್ದ ರಾಡ್ ತೂರಿಸಿದರು. ಪಿವೊಟ್ ತೂತಿಗೂ ಒಂದು ರಾಡ್. ಪಿವೊಟ್ ರಾಡ್ ಮೇಲೆ ರಸಮಟ್ಟ ಇಟ್ಟು ಚಾಸಿಯನ್ನು ಮಟ್ಟ ಮಾಡಿದರು. ಆಮೇಲೆ ಹೆಡ್ ಪೈಪ್ ರಾಡಿನ ಮೇಲ್ತುದಿಯಿಂದ ತೂಗುಗುಂಡು ಬಿಟ್ಟು ಹಿಂದಿನಿಂದ ನೋಡಿದರೆ ದಾರವೂ ರಾಡೂ ಒಂದೇ ಗೆರೆಯಲ್ಲಿ ಕಾಣಬೇಕು. ನನ್ನದು ಪಕ್ಕಕ್ಕೆ ವಾಲಿರಲಿಲ್ಲ, ಹಿಂದಕ್ಕೆ ಮಾತ್ರ ಹೋಗಿತ್ತು. ಎರಡು ದಪ್ಪ ಚಾನೆಲ್‌ಗೆ ಚಾಸಿ ಕಟ್ಟಿ ಹೈಡ್ರಾಲಿಕ್ ಜ್ಯಾಕ್‌ನಲ್ಲಿ ಸ್ವಲ್ಪ ಸ್ವಲ್ಪವೇ ತಳ್ಳಿದರು. ಪ್ರತಿ ಸಲ ಜ್ಯಾಕ್ ಬಿಟ್ಟು ಅಳೆದರು, ಯಾಕೆಂದರೆ ಪೈಪ್ ಸ್ವಲ್ಪ ವಾಪಸ್ ಬರುತ್ತದೆ. ಕೊನೆಗೆ ಬಣ್ಣ ಕೆರೆದು ಬೆಸುಗೆಗಳನ್ನೆಲ್ಲ ಡೈ (ಬಿರುಕು ತೋರಿಸುವ ಬಣ್ಣ) ಹಾಕಿ ಬಿರುಕು ಇಲ್ಲ ಅಂತ ನೋಡಿದರು.

ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹೊಸ ಚಾಸಿ ಎಲ್ಲಿಂದ ತರೋದು? ಅದಕ್ಕೇ ಇಷ್ಟು ಜೋಪಾನ.

ಶಿವಾಜಿನಗರ ಸ್ಪೇರ್ಸ್

ಗುಜರಿ ಚಾಸಿ ಅಂದಿದ್ದಕ್ಕೆ ಹೇಳುತ್ತೇನೆ. ನಮ್ಮಲ್ಲಿ ಸಿಗುತ್ತೆ, ಆದರೆ ಅದು ಬೇರೆ ಗಾಡಿಯ ಚಾಸಿ ನಂಬರ್. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. ಮೊದಲು ಆರ್‌ಟಿಒ ಆಫೀಸಿನಲ್ಲಿ ಕೇಳಬೇಕು. ಹಳೆ ನಂಬರನ್ನು ಕತ್ತರಿಸಿ ಅಂಟಿಸುತ್ತೇವೆ, ಹೊಸದಾಗಿ ಗುದ್ದುತ್ತೇವೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅದು ಅಪರಾಧ. 15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ರಿನ್ಯೂವಲ್ ಇರುತ್ತದೆ. ಆಗ ಚಾಸಿ ನಂಬರ್ ನೋಡಿಯೇ ನೋಡುತ್ತಾರೆ. ಒಬ್ಬರೇ ಓನರ್ ಇರುವ ಗಾಡಿಯ ಬೆಲೆ ಇರೋದೇ ಆ ನಂಬರಿನಲ್ಲಿ.

ಹಾಸನ ಟೂಸ್ಟ್ರೋಕ್

ಧನ್ಯವಾದ, ಇದನ್ನು ಯಾರೂ ಹೇಳಿರಲಿಲ್ಲ. ಗುಜರಿ ಚಾಸಿ ಮಾತು ಕೈಬಿಟ್ಟೆ.

ಪೀಣ್ಯದ ಸರ್, ನೀವು ಹೇಳಿದ ಹಾಗೆ ಸರಳು ಮಾಡಿ ಅಳೆದೆ. ಬಲಬದಿ 1 ಮಿ.ಮೀ. ಹಿಂದೆ ಇತ್ತು. ಸರಿ ಮಾಡಿ, ಚೈನ್ ಟೈಟ್ ನೋಡಿ, ಮತ್ತೆ ದಾರ ಕಟ್ಟಿದೆ. ಈಗ ಎಡ 18, ಬಲ 28. ಇನ್ನೂ 5 ಮಿ.ಮೀ. ಎಡಕ್ಕಿದೆ. ಹ್ಯಾಂಡಲ್ ಮಾತ್ರ ಮೊದಲಿನ ಹಾಗೇ ಸೊಟ್ಟ.

ಪೀಣ್ಯ ಲೇತ್

12ರಲ್ಲಿ 7 ಹೋಯ್ತು, ಲೆಕ್ಕಕ್ಕೆ ಸರಿಯಾಗಿ. ಉಳಿದಿದ್ದಕ್ಕೆ ನನ್ನ ಅನುಮಾನ ಹಿಂದಿನ ರಿಮ್ ಮೇಲೆ. ಬಿದ್ದಾಗ ರಿಮ್ ಬದಲಾಯಿಸಿದ್ದರು ಅಂದಿದ್ದೀರಿ. ಸ್ಪೋಕ್ ಕಟ್ಟುವವರು ಚಕ್ರ ತಿರುಗಿಸಿ ಅಲುಗಾಟ ತೆಗೆಯುತ್ತಾರೆ. ಆದರೆ ಹಬ್‌ಗೆ ಹೋಲಿಸಿದರೆ ರಿಮ್ ಎಲ್ಲಿ ಕೂರಬೇಕು ಅಂತ ಹಳೆಯದನ್ನು ಬಿಚ್ಚುವ ಮೊದಲೇ ಅಳೆದಿಟ್ಟುಕೊಳ್ಳಬೇಕು. ಅದನ್ನು ಮಾಡದಿದ್ದರೆ ರಿಮ್ ಒಂಚೂರೂ ಅಲುಗದೆ ತಿರುಗುತ್ತದೆ, ಆದರೂ ಪಕ್ಕಕ್ಕೆ ಕೂತಿರುತ್ತದೆ.

ಪರೀಕ್ಷೆ ಹೀಗೆ. ಟ್ಯಾಂಕ್, ಸೀಟ್ ಬಿಚ್ಚಿ. ರಸಮಟ್ಟ ಇಟ್ಟು ಗಾಡಿ ನೆಟ್ಟಗೆ ನಿಲ್ಲಿಸಿ. ಪಿವೊಟ್ ಹತ್ತಿರ ಚಾಸಿಯ ಎರಡೂ ಬದಿ ಅಳೆದು ನಡುವಿಗೆ ಗುರುತು ಹಾಕಿ. ಹ್ಯಾಂಡಲ್ ಸ್ಟೆಮ್ ನಟ್ಟಿನ ನಡುವಿನಿಂದ ದಾರ ಕಟ್ಟಿ ಗಾಡಿಯ ಮೇಲಿಂದ ಹಿಂದಕ್ಕೆ ಎಳೆಯಿರಿ. ತೂಗುಗುಂಡು ಬಿಟ್ಟಾಗ ಅದು ಪಿವೊಟ್ ಗುರುತಿನ ಮೇಲೆ ಬರುವ ಹಾಗೆ ದಾರ ಸರಿಸಿ. ಇದೇ ನಿಮ್ಮ ಚಾಸಿಯ ನಡುಗೆರೆ, ಚಕ್ರಕ್ಕೂ ಇದಕ್ಕೂ ಸಂಬಂಧ ಇಲ್ಲ. ಈಗ ಅದೇ ದಾರದಿಂದ ಹಿಂದಿನ ರಿಮ್ ಮೇಲೆ ಗುಂಡು ಬಿಡಿ. ನಡುವಿಗೆ ಬಂತಾ ನೋಡಿ. ಹಿಂದಿನ ಶಾಕ್ ಅಬ್ಸಾರ್ಬರ್ ಕೂರುವ ಎರಡು ಬೋಲ್ಟೂ ದಾರದಿಂದ ಸಮದೂರ ಇರಬೇಕು. ಅಲ್ಲಿ ತಪ್ಪಿದರೆ ಚಾಸಿಯ ಮೇಲೆ ಅನುಮಾನ ಪಡೋಣ.

ಹ್ಯಾಂಡಲ್ ಸೊಟ್ಟಕ್ಕೆ ಬೇರೆ ಕಾರಣ ಇದೆ. ಒಂದು ದಪ್ಪ ಗಾಜಿನ ತುಂಡನ್ನು ಎರಡೂ ಫೋರ್ಕ್ ಪೈಪಿಗೆ ಮುಂದಿನಿಂದ ಒತ್ತಿ ಹಿಡಿಯಿರಿ, ಟೀಗಳ (ಫೋರ್ಕ್ ಪೈಪ್ ಹಿಡಿದಿಡುವ ಮೇಲಿನ, ಕೆಳಗಿನ ಕ್ಲಾಂಪ್) ನಡುವೆ. ಗಾಜು ಮೂಲೆಯಿಂದ ಮೂಲೆಗೆ ಟಕ್ ಟಕ್ ಅಂದರೆ ಪೈಪ್ ಎರಡೂ ಒಂದೇ ಸಮತಲದಲ್ಲಿ ಇಲ್ಲ, ಟೀ ಒಳಗೆ ತಿರುಚಿಕೊಂಡಿವೆ.

ಹಾಸನ ಟೂಸ್ಟ್ರೋಕ್

ಮಾಡಿದೆ. ಶಾಕ್ ಬೋಲ್ಟ್ ಎಡ-ಬಲ ವ್ಯತ್ಯಾಸ 1 ಮಿ.ಮೀ. ಒಳಗೆ. ಹಿಂದಿನ ರಿಮ್ ನಡುಗೆರೆಯಿಂದ 5 ಮಿ.ಮೀ. ಬಲಕ್ಕಿದೆ! ಮುಂದಿನ ಚಕ್ರ ಸರಿಯಾಗಿ ಗೆರೆ ಮೇಲೇ ಇದೆ.

ಗಾಜು ಇಟ್ಟರೆ ಟಕ್ ಟಕ್ ಅಂತು, ಕಿವಿಗೇ ಕೇಳುವ ಹಾಗೆ.

ತುಮಕೂರು ಗ್ಯಾರೇಜ್

ನೋಡಿ, ಚಾಸಿ ನೇರ ಇದೆ. ಕೇಳಿ ಸಂತೋಷ ಆಯ್ತು.

ಫೋರ್ಕ್‌ಗೆ ಹೀಗೆ ಮಾಡಿ. ಮುಂದಿನ ಆಕ್ಸಲ್, ಮಡ್‌ಗಾರ್ಡ್ ಬೋಲ್ಟ್, ಮೇಲಿನ ಕೆಳಗಿನ ಟೀ ಬೋಲ್ಟ್ ಎಲ್ಲ ಸಡಿಲ ಮಾಡಿ, ಪೂರ್ತಿ ಬಿಚ್ಚಬೇಡಿ. ಚಕ್ರವನ್ನು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿ ನೇರ ಮಾಡಿ. ಮತ್ತೆ ಗಾಜು ಇಡಿ. ಸದ್ದು ನಿಂತ ಮೇಲೆ ಕೆಳಗಿನ ಟೀ ಮೊದಲು ಟೈಟ್ ಮಾಡಿ, ಆಮೇಲೆ ಮೇಲಿನದು. ಆಕ್ಸಲ್ ಟೈಟ್ ಮಾಡುವ ಮೊದಲು ಮುಂದಿನ ಬ್ರೇಕ್ ಹಿಡಿದು ನಾಲ್ಕೈದು ಸಲ ಫೋರ್ಕ್ ಒತ್ತಿ ಬಿಡಿ. ಕಾಲುಗಳು ತಮ್ಮ ಜಾಗಕ್ಕೆ ಬರುತ್ತವೆ.

ಹೀಗೆ ಮಾಡಿಯೂ ಗಾಜು ಅಲ್ಲಾಡಿದರೆ ಪೈಪೇ ಬೆಂಡ್ ಆಗಿರಬಹುದು. ಆಗ ಬಿಚ್ಚಿ ಗಾಜಿನ ಮೇಲೆ ಉರುಳಿಸಿ, ಅಡಿಯಲ್ಲಿ ಬೆಳಕು ಕಾಣುತ್ತದಾ ನೋಡಿ. ಬೆಂಡ್ ಇದ್ದರೆ ಹೊಸ ಪೈಪೇ ಹಾಕಿ. ಎಳೆಸಿ ನೇರ ಮಾಡಿದ ಪೈಪಿನಲ್ಲಿ ಕ್ರೋಮ್ ಏಳುತ್ತದೆ, ಆಯಿಲ್ ಸೀಲ್ ಉಳಿಯೋದಿಲ್ಲ.

ಮಲೆನಾಡ ಸವಾರಿ

ನನ್ನ ಹಿಮಾಲಯನ್ ಅಳೆದೆ. ಟೈರ್ ವ್ಯತ್ಯಾಸ ಲೆಕ್ಕ ಹಾಕಿದ ಮೇಲೆ ಎಡ-ಬಲ 2 ಮಿ.ಮೀ. ಮಾತ್ರ ಹೆಚ್ಚು ಕಡಿಮೆ. ಇದು ಚಿಂತೆ ಮಾಡುವಷ್ಟಾ?

ಪೀಣ್ಯ ಲೇತ್

ಎರಡು ಮಿ.ಮೀ. ದಾರ ಹಿಡಿಯುವುದರಲ್ಲೇ ಬರಬಹುದು. ಟೈರ್ ಕೂಡ ಅಷ್ಟು ಗುಂಡಗೆ ಇರೋದಿಲ್ಲ. ಚಕ್ರ ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆಯಿರಿ. ಅಷ್ಟೇ ಬಂದರೆ ಆರಾಮಾಗಿ ಓಡಿಸಿ ಮೇಡಂ.

ಹಾಸನ ಟೂಸ್ಟ್ರೋಕ್

ಟೀ ಸಡಿಲ ಮಾಡಿ ನೇರ ಮಾಡಿದೆ, ಗಾಜು ಈಗ ಅಲ್ಲಾಡುತ್ತಿಲ್ಲ. ಹ್ಯಾಂಡಲ್ ನೇರ ನಿಂತಿದೆ. ಹಿಂದಿನ ಚಕ್ರವನ್ನು ಅರಸೀಕೆರೆಯ ಹಳೆ ಸ್ಪೋಕ್ ಕೆಲಸದವರ ಹತ್ತಿರ ಕೊಟ್ಟಿದ್ದೆ. ಎಷ್ಟು ಮಿ.ಮೀ. ಎಡಕ್ಕೆ ಬರಬೇಕು ಅಂತ ಚೀಟಿ ಬರೆದು ರಿಮ್‌ಗೆ ಕಟ್ಟಿದ್ದೆ. ಅವರು ಬಲಗಡೆ ಸ್ಪೋಕ್ ಸಡಿಲ ಮಾಡಿ ಎಡಗಡೆ ಟೈಟ್ ಮಾಡುತ್ತಾ ಒಂದೇ ಕೂರಿಕೆಯಲ್ಲಿ ತಂದರು. ದಾರ ಕಟ್ಟಿದರೆ ಎಡ 23, ಬಲ 23. ಸಕಲೇಶಪುರದ ಕಡೆ ಹೋಗಿ ಬಂದೆ, ಬಲಕ್ಕೆ ಎಳೆಯೋದು ನಿಂತಿದೆ. ರಸ್ತೆ ಇಳಿಜಾರಿಗೆ ಸ್ವಲ್ಪ ಎಡಕ್ಕೆ ಹೋಗುತ್ತದೆ, ಅಷ್ಟೇ.

ಹಿಂದಿನ ಟೈರ್ ಒಂದು ಬದಿ ಸವೆದಿದೆ. ಅದನ್ನು ಈಗಲೇ ಬದಲಾಯಿಸಬೇಕಾ?

ತುಮಕೂರು ಗ್ಯಾರೇಜ್

ಬದಲಾಯಿಸಿ. ಓರೆ ಸವೆದ ಟೈರ್ ತಾನೇ ಗಾಡಿಯನ್ನು ಒಂದು ಕಡೆ ಎಳೆಯುತ್ತದೆ. ಸ್ಪೋಕ್ ಹೊಸದಾಗಿ ಟೈಟ್ ಮಾಡಿಸಿದ್ದೀರಿ, ಒಂದು 200 ಕಿ.ಮೀ. ಓಡಿದ ಮೇಲೆ ಅದನ್ನೂ ಒಮ್ಮೆ ಮುಟ್ಟಿ ನೋಡಿ. ಸಡಿಲ ಆದದ್ದು ಇದ್ದರೆ ಆಗಲೇ ಸರಿ ಮಾಡಿಸಿ.